ಫ್ಲೆಕ್ಸ್ ಮೇಲಿನ ಫೋಟೊ ಯಾರದು?

ಕ್ಯಾಮೆರಾದ ಗುಂಡಿ ಒತ್ತಿದ ಕ್ಷಣಕ್ಕೇ ಫೋಟೊದ ಮೇಲಿನ ಹಕ್ಕು ಹುಟ್ಟುತ್ತದೆ. ಅದಕ್ಕಾಗಿ ಅರ್ಜಿ ಹಾಕಬೇಕಿಲ್ಲ, ಮೂಲೆಯಲ್ಲಿ ಹೆಸರು ಬರೆಯಬೇಕಿಲ್ಲ, ಯಾವ ಕಚೇರಿಯಲ್ಲೂ ನೋಂದಣಿ ಮಾಡಿಸಬೇಕಿಲ್ಲ. 1958ರ ಜನವರಿ 21ರಿಂದ ಜಾರಿಯಲ್ಲಿರುವ 1957ರ ಕೃತಿಸ್ವಾಮ್ಯ ಕಾಯ್ದೆ ಫೋಟೊವನ್ನು ಚಿತ್ರಕಲೆ, ಶಿಲ್ಪಗಳ ಸಾಲಿನಲ್ಲಿಟ್ಟು ‘ಕಲಾಕೃತಿ’ ಎಂದೇ ಕರೆಯುತ್ತದೆ. ಅದರಲ್ಲಿ ಕಲೆಯ ಗುಣ ಎಷ್ಟಿದೆ ಎಂದು ಕಾನೂನು ಅಳೆಯುವುದಿಲ್ಲ. ಸೂಳೆಕೆರೆಯ ಏರಿ ಮೇಲೆ ನಿಂತು ಗಂಟೆಗಟ್ಟಲೆ ಕಾದು ತೆಗೆದ ಸೂರ್ಯಾಸ್ತಕ್ಕೂ, ಚನ್ನಗಿರಿಯ ಮಂಡಿಯಲ್ಲಿ ಸಾಲಾಗಿಟ್ಟ ಅಡಿಕೆ ಚೀಲಗಳನ್ನು ಮೊಬೈಲಿನಲ್ಲಿ ತೆಗೆದ ಚಿತ್ರಕ್ಕೂ ಸಿಗುವ ರಕ್ಷಣೆ ಒಂದೇ. ಫೋಟೊದ ಕರ್ತೃ ಯಾರು ಎಂಬುದಕ್ಕೂ ಕಾಯ್ದೆಯ ಉತ್ತರ ನೇರವಾಗಿದೆ: ಅದನ್ನು ತೆಗೆದವರು. ಕ್ಯಾಮೆರಾ ಯಾರದ್ದು ಎಂಬುದು ಲೆಕ್ಕಕ್ಕಿಲ್ಲ.

ಹಕ್ಕು ಎಂದರೆ ಇಲ್ಲಿ ಒಂದಲ್ಲ, ಒಂದು ಕಟ್ಟು. ಚಿತ್ರವನ್ನು ಪ್ರತಿ ಮಾಡುವುದು, ಕಂಪ್ಯೂಟರಿನಲ್ಲಿ ಸಂಗ್ರಹಿಸುವುದು, ಪ್ರತಿಗಳನ್ನು ಸಾರ್ವಜನಿಕರಿಗೆ ಹಂಚುವುದು, ಜನರಿಗೆ ಕಾಣುವಂತೆ ಪ್ರಸಾರ ಮಾಡುವುದು, ಸಿನಿಮಾದಲ್ಲಿ ಸೇರಿಸುವುದು, ಮಾರ್ಪಡಿಸಿ ಬೇರೆ ರೂಪ ಕೊಡುವುದು ಇವೆಲ್ಲ ಹಕ್ಕುದಾರರ ಕೈಯಲ್ಲೇ ಇರುತ್ತವೆ. ಹೋಟೆಲಿನ ಮೆನು ಕಾರ್ಡು, ಬಟ್ಟೆ ಅಂಗಡಿಯ ಕರಪತ್ರ, ಬೀಜ-ಗೊಬ್ಬರದ ಅಂಗಡಿಯ ಕ್ಯಾಲೆಂಡರ್, ಖಾಸಗಿ ಶಾಲೆಯ ಪ್ರವೇಶಾತಿ ಫ್ಲೆಕ್ಸ್, ಕೊನೆಗೆ ಅಂಗಡಿಯ ಹೆಸರಿನ ವಾಟ್ಸ್ಆ್ಯಪ್ ಸ್ಟೇಟಸ್ ಕೂಡ ಈ ಕಟ್ಟಿನ ಯಾವುದೋ ಒಂದು ಎಳೆಯನ್ನು ಮುಟ್ಟಿಯೇ ಮುಟ್ಟುತ್ತದೆ. ದಾವಣಗೆರೆ ಬೆಣ್ಣೆ ದೋಸೆ ಎಂದು ಗೂಗಲ್‌ನಲ್ಲಿ ಹುಡುಕಿದರೆ ಬಾಯಲ್ಲಿ ನೀರೂರಿಸುವ ನೂರಾರು ಚಿತ್ರಗಳು ಬರುತ್ತವೆ. ಗೂಗಲ್ ಅವುಗಳ ಒಡೆಯನಲ್ಲ, ಎಲ್ಲಿವೆ ಎಂದು ತೋರಿಸುತ್ತದೆ ಅಷ್ಟೆ. ಅದರಲ್ಲೊಂದನ್ನು ಇಳಿಸಿಕೊಂಡು ಹೊನ್ನಾಳಿಯ ಹೋಟೆಲೊಂದು ಬೋರ್ಡಿಗೆ ಹಾಕಿದರೆ ಅಪರಿಚಿತರೊಬ್ಬರ ದುಡಿಮೆಯನ್ನು ಕೇಳದೆ ಬಳಸಿದಂತೆಯೇ. ‘ಚಿತ್ರಕೃಪೆ: ಅಂತರ್ಜಾಲ’ ಎಂದು ಕೆಳಗೆ ಬರೆದರೂ ಅಪ್ಪಣೆ ಸಿಕ್ಕಂತಾಗುವುದಿಲ್ಲ. ಅಂತರ್ಜಾಲಕ್ಕೆ ಕೃಪೆ ತೋರುವ ಅಧಿಕಾರವಿಲ್ಲ.

ಕಾಯ್ದೆಯ 52ನೇ ಸೆಕ್ಷನ್ ಕೆಲವು ವಿನಾಯಿತಿಗಳನ್ನು ಕೊಟ್ಟಿದೆ: ಸ್ವಂತ ಓದು ಮತ್ತು ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ. ವ್ಯಾಪಾರದ ಜಾಹೀರಾತು ಇವುಗಳಲ್ಲಿ ಯಾವುದರೊಳಗೂ ಬರುವುದಿಲ್ಲ. ಹಬ್ಬದ ಶುಭಾಶಯದ ಫ್ಲೆಕ್ಸಾದರೂ ಅಂಗಡಿಯ ಹೆಸರಿದ್ದರೆ ಅದು ಜಾಹೀರಾತೇ.

ದುಡ್ಡು ಕೊಟ್ಟವರ ಹಕ್ಕು

ಕರ್ತೃ ಎಂದರೆ ಫೋಟೊ ತೆಗೆದವರು, ನಿಜ. ಆದರೆ ಕರ್ತೃವೇ ಯಾವಾಗಲೂ ಒಡೆಯರಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಸ್ಟುಡಿಯೊಗಳು ಹೆಚ್ಚಾಗಿ ಎಡವುವುದು ಈ ವ್ಯತ್ಯಾಸದಲ್ಲೇ. ಕಾಯ್ದೆಯ 17ನೇ ಸೆಕ್ಷನ್ ಮೊದಲ ಒಡೆಯರು ಯಾರು ಎಂದು ನಿರ್ಧರಿಸುತ್ತದೆ. ಸಾಮಾನ್ಯ ನಿಯಮದಂತೆ ಕರ್ತೃವೇ ಒಡೆಯ. ಆದರೆ ಯಾರಾದರೂ ಹಣ ಕೊಟ್ಟು, ತಮಗಾಗಿ ಫೋಟೊ ತೆಗೆಸಿಕೊಂಡಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಆ ಫೋಟೊದ ಕೃತಿಸ್ವಾಮ್ಯ ಹಣ ಕೊಟ್ಟವರದು.

ಮದುವೆ ಫೋಟೊ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಅಡಿಕೆ ಸೀಮೆಯಲ್ಲಿ ಮದುವೆಯ ಫೋಟೊ, ವಿಡಿಯೊ, ಪ್ರೀ-ವೆಡ್ಡಿಂಗ್ ಶೂಟ್ ಎಲ್ಲ ಸೇರಿ ದೊಡ್ಡ ಖರ್ಚು. ಹಣ ತೆತ್ತವರು ವಧೂವರರ ಮನೆಯವರು. ಅಲ್ಲಿಗೆ ಆ ಆಲ್ಬಮಿನ ಪ್ರತಿ ಚಿತ್ರದ ಕೃತಿಸ್ವಾಮ್ಯವೂ ಅವರದೇ. ಸ್ಟುಡಿಯೊ ತನ್ನ ಬಾಗಿಲಲ್ಲಿ ವಧುವಿನ ಆಳೆತ್ತರದ ಚಿತ್ರ ನಿಲ್ಲಿಸಬೇಕೆಂದರೆ, ಇನ್‌ಸ್ಟಾಗ್ರಾಮ್ ಖಾತೆಗೆ ರೀಲ್ಸ್ ಹಾಕಬೇಕೆಂದರೆ ಆ ಮನೆಯವರನ್ನು ಕೇಳಲೇಬೇಕು. ‘ನಾನೇ ತೆಗೆದದ್ದು’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಅದೇ ಚಿತ್ರವನ್ನು ಸ್ಟುಡಿಯೊ ಸ್ನೇಹಕ್ಕಾಗಿ ಸೀರೆ ಅಂಗಡಿಗೋ ಬಂಗಾರದ ಅಂಗಡಿಗೋ ಕೊಟ್ಟು, ಅದು ಬಸ್ ನಿಲ್ದಾಣದ ಎದುರಿನ ಹೋರ್ಡಿಂಗ್ ಮೇಲೆ ಕಾಣಿಸಿಕೊಂಡರೆ ತಪ್ಪು ಎರಡಾಯಿತು: ತನ್ನದಲ್ಲದ ಹಕ್ಕನ್ನು ಸ್ಟುಡಿಯೊ ದಾಟಿಸಿತು, ಹೆಣ್ಣುಮಗಳೊಬ್ಬಳ ಮುಖ ಅವಳಿಗೆ ತಿಳಿಯದಂತೆ ಸರಕಿನ ಪ್ರಚಾರಕ್ಕಿಳಿಯಿತು. ಹೊಸದಾಗಿ ಮದುವೆಯಾದವರ ಮನೆಗಳಲ್ಲಿ ಇಂಥ ಒಂದು ಹೋರ್ಡಿಂಗ್ ಎಬ್ಬಿಸುವ ಗಲಾಟೆಯ ಬಿಸಿ ಕೊನೆಗೆ ತಟ್ಟುವುದು ಆ ಹುಡುಗಿಗೇ.

ಇದಕ್ಕೆ ಪರಿಹಾರವೂ ಅದೇ ಸೆಕ್ಷನ್ನಿನಲ್ಲಿದೆ. ‘ಬೇರೆ ಒಪ್ಪಂದವಿಲ್ಲದಿದ್ದಲ್ಲಿ’ ಎಂಬ ಮಾತು ಎರಡೂ ಕಡೆಯವರಿಗೆ ಬಾಗಿಲು ತೆರೆದಿಟ್ಟಿದೆ. ಮುಂಗಡ ಪಡೆಯುವಾಗ ಕೊಡುವ ರಸೀದಿಯ ಹಿಂಬದಿಯಲ್ಲೇ ನಾಲ್ಕು ಸಾಲು ಅಚ್ಚು ಹಾಕಿಸಬಹುದು: ಯಾವ ಚಿತ್ರಗಳನ್ನು ಸ್ಟುಡಿಯೊ ತನ್ನ ಪ್ರಚಾರಕ್ಕೆ ಬಳಸಬಹುದು, ಎಲ್ಲಿ ಬಳಸಬಹುದು, ಎಷ್ಟು ವರ್ಷ, ಗ್ರಾಹಕರು ಬೇಡವೆಂದರೆ ಎಷ್ಟು ದಿನದಲ್ಲಿ ತೆಗೆಯಬೇಕು. ಎಡಿಟ್ ಮಾಡದ ಮೂಲ ಫೈಲುಗಳನ್ನು ಕೊಡಬೇಕೇ ಬೇಡವೇ ಎಂಬ ಜಗಳವೂ ಇದೇ ಸಾಲುಗಳಲ್ಲಿ ತೀರುತ್ತದೆ. ಕೃತಿಸ್ವಾಮ್ಯ ಬೇರೆ, ಫೈಲು ಇರುವ ಹಾರ್ಡ್ ಡಿಸ್ಕ್ ಬೇರೆ. ಒಂದು ಗ್ರಾಹಕರದ್ದಾದ ಮಾತ್ರಕ್ಕೆ ಇನ್ನೊಂದೂ ತಾನಾಗಿ ಅವರದ್ದಾಗುವುದಿಲ್ಲ.

ಯಾರೂ ಹೇಳದೆ, ಯಾರಿಂದಲೂ ಹಣ ಪಡೆಯದೆ ಛಾಯಾಗ್ರಾಹಕರು ತೆಗೆದ ಚಿತ್ರ ಪೂರ್ತಿ ಅವರದು. ಸಂತೇಬೆನ್ನೂರಿನ ಹೊಂಡದ ಮೇಲೆ ಮಳೆಗಾಲದ ಮೋಡ ಕವಿದ ಚಿತ್ರವನ್ನು ಸ್ಥಳೀಯ ಸ್ಟುಡಿಯೊದವರೊಬ್ಬರು ಫೇಸ್‌ಬುಕ್‌ನಲ್ಲಿ ಹಾಕಿದ್ದರೆ, ಅದನ್ನು ಲಾಡ್ಜಿನ ಗೋಡೆಗೋ ಟ್ರಾವೆಲ್ಸ್ ಏಜೆನ್ಸಿಯ ಕರಪತ್ರಕ್ಕೋ ಹಾಕುವವರು ಅವರನ್ನೇ ಕೇಳಬೇಕು. ಹಣ ಕೊಟ್ಟು ತೆಗೆಸಿದ ಚಿತ್ರವನ್ನು ಸ್ಟುಡಿಯೊ ತನ್ನದೆಂದು ಬಳಸುವುದು, ಸ್ಟುಡಿಯೊ ತನ್ನ ಆಸೆಗೆ ತೆಗೆದ ಚಿತ್ರವನ್ನು ಊರು ತನ್ನದೆಂದು ಬಳಸುವುದು, ಈ ಎರಡು ಅಭ್ಯಾಸಗಳೂ ಕಾನೂನಿಗೆ ತದ್ವಿರುದ್ಧ. ಎರಡನೆಯದು ಹೆಚ್ಚು ನೋವಿನದು. ಸಣ್ಣ ಊರಿನಲ್ಲಿ ಕ್ಯಾಮೆರಾ ಕೊಂಡ ಸಾಲವನ್ನೇ ತೀರಿಸುತ್ತಿರುವವರ ಅತ್ಯುತ್ತಮ ಕೆಲಸ ಬಿಟ್ಟಿಯಾಗಿ ಹೋಗುವುದು ಹೀಗೆಯೇ.

ಉಳಿದ ನಿಯಮಗಳು ಚಿಕ್ಕವು. ಸಂಬಳದ ನೌಕರ ಕೆಲಸದ ಭಾಗವಾಗಿ ತೆಗೆದ ಚಿತ್ರ ಮಾಲೀಕರದು. ಪತ್ರಿಕೆಯ ನೌಕರ ತೆಗೆದ ಚಿತ್ರವನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಮಟ್ಟಿಗಿನ ಹಕ್ಕು ಪತ್ರಿಕೆಯದು, ಉಳಿದದ್ದು ಛಾಯಾಗ್ರಾಹಕರದು. ವಾರ್ತಾ ಇಲಾಖೆಯಂಥ ಸರ್ಕಾರಿ ಕಚೇರಿಗಾಗಿ ತೆಗೆದದ್ದು ಸರ್ಕಾರದ್ದು. ‘ಸರ್ಕಾರದ ಚಿತ್ರ ಎಲ್ಲರದೂ’ ಎಂಬ ನಂಬಿಕೆಗೆ ಕಾಯ್ದೆಯಲ್ಲಿ ಆಧಾರವಿಲ್ಲ. ಮದುವೆಯ ಸೀಸನ್ನಿನಲ್ಲಿ ದಿನದ ಲೆಕ್ಕಕ್ಕೆ ಬರುವ ಎರಡನೇ ಕ್ಯಾಮೆರಾದವರು ಮಾತ್ರ ನೌಕರರಲ್ಲ. ಅವರ ಚಿತ್ರಗಳ ಹಕ್ಕು ಯಾರಿಗೆ ಎಂಬುದನ್ನು ಸ್ಟುಡಿಯೊ ಮೊದಲೇ ಬರೆದುಕೊಳ್ಳುವುದು ಒಳ್ಳೆಯದು.

ಮಾರುವುದು ಬೇರೆ, ಖೇಣಿಗೆ ಕೊಡುವುದು ಬೇರೆ

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ ಪರವಾನಗಿ ಎಂದರೇನೆಂದು ವಿವರಿಸುವುದು ಕಷ್ಟವಲ್ಲ. ತೋಟ ಮಾರಿದರೆ ಮಣ್ಣೇ ಕೈಬಿಟ್ಟಿತು. ಫಸಲನ್ನು ಖೇಣಿಗೆ ಕೊಟ್ಟರೆ ಆ ವರ್ಷದ ಕೊಯ್ಲು ಮಾತ್ರ ಖೇಣಿದಾರರದು. ಫೋಟೊದ ಹಕ್ಕನ್ನು ಪೂರ್ತಿ ವರ್ಗಾಯಿಸುವುದು ಮೊದಲನೆಯ ಬಗೆ, ಇಂತಿಷ್ಟು ಕಾಲಕ್ಕೆ, ಇಂಥ ಬಳಕೆಗೆ ಎಂದು ಅನುಮತಿ ಕೊಡುವ ಪರವಾನಗಿ ಎರಡನೆಯ ಬಗೆ. ಬಹುತೇಕ ವ್ಯಾಪಾರಗಳಿಗೆ ಪರವಾನಗಿಯೇ ಸಾಕು, ಅದು ಅಗ್ಗವೂ ಹೌದು.

ಎರಡೂ ಬರಹದಲ್ಲಿರಬೇಕು. ಬಾಯಿಮಾತಿನಲ್ಲಿ ವರ್ಗಾವಣೆ ಆಗುವುದೇ ಇಲ್ಲ. ವರ್ಗಾವಣೆ ಪತ್ರದಲ್ಲಿ ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಎಂಬುದೆಲ್ಲ ಇರಬೇಕು, ಸಹಿಯೂ ಬೇಕು. ಬರೆಯಲು ಮರೆತರೆ ಏನಾಗುತ್ತದೆ ಎಂಬುದನ್ನೂ 19ನೇ ಸೆಕ್ಷನ್ ಹೇಳಿದೆ. ಕಾಲ ನಮೂದಿಸದಿದ್ದರೆ 5 ವರ್ಷ. ಪ್ರದೇಶ ನಮೂದಿಸದಿದ್ದರೆ ಭಾರತದೊಳಗೆ ಮಾತ್ರ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದೇ ಹೋದರೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಅದು ರದ್ದಾದಂತೆ. 30-ಎ ಸೆಕ್ಷನ್ ಮೂಲಕ ಈ ನಿಯಮಗಳು ಪರವಾನಗಿಗಳಿಗೂ ಹೊಂದಿಕೊಳ್ಳುತ್ತವೆ. ಛಾಯಾಗ್ರಾಹಕರ ಪಾಲಿಗೆ ಇದು ಕಾಯ್ದೆಯ ಅತ್ಯಂತ ಉಪಯುಕ್ತ ಭಾಗ, ಅತಿ ಕಡಿಮೆ ಓದಿಸಿಕೊಂಡ ಭಾಗವೂ ಹೌದು. ಅವಸರದಲ್ಲಿ ಬರೆದ ಅರೆಬರೆ ಕಾಗದದ ಮೇಲೂ ಹಕ್ಕು ಒಂದು ದಿನ ಮೂಲ ಒಡೆಯರಿಗೆ ಮರಳುವಂತೆ ಅದು ನೋಡಿಕೊಳ್ಳುತ್ತದೆ.

ಒಂದು ಉದಾಹರಣೆ ನೋಡಬಹುದು. ಅಡಿಕೆ ಸಹಕಾರ ಸಂಘವೊಂದಕ್ಕೆ ವಾರ್ಷಿಕ ವರದಿಯ ಮುಖಪುಟಕ್ಕೆ ಕೊಯ್ಲಿನ ಚಿತ್ರ ಬೇಕು. ಸ್ಥಳೀಯ ಛಾಯಾಗ್ರಾಹಕರ ಬಳಿ ಅಂಥದ್ದೊಂದು ಮೊದಲೇ ಇದೆ. ಪರವಾನಗಿ ಪತ್ರ ಹೀಗಿರಬಹುದು: ಈ ಒಂದು ಚಿತ್ರವನ್ನು, ಈ ಸಾಲಿನ ವಾರ್ಷಿಕ ವರದಿಯ ಮುಖಪುಟದಲ್ಲಿ, 2,000 ಪ್ರತಿಗಳವರೆಗೆ ಮುದ್ರಿಸಲು ಅನುಮತಿ, ಛಾಯಾಗ್ರಾಹಕರ ಹೆಸರು ಒಳಪುಟದಲ್ಲಿರಬೇಕು, ಚಿತ್ರವನ್ನು ಬೇರೆ ಸಂಸ್ಥೆಗೆ ಕೊಡುವಂತಿಲ್ಲ, ಇಂತಿಷ್ಟು ರೂಪಾಯಿ. ಮುಂದಿನ ವರ್ಷ ಅದೇ ಚಿತ್ರ ಅಡಿಕೆ ಚೀಲದ ಮೇಲೆ ಬರಬೇಕಾದರೆ ಇನ್ನೊಂದು ಪತ್ರ, ಇನ್ನೊಂದು ದರ. ದರ ನಿಲ್ಲುವುದು ಬಳಕೆಯ ಮೇಲೆ: ಎಷ್ಟು ಪ್ರತಿ, ಎಷ್ಟು ದೊಡ್ಡದು, ಎಷ್ಟು ಊರು, ಎಷ್ಟು ಕಾಲ, ಬೇರೆ ಯಾರಿಗೂ ಕೊಡಬಾರದು ಎಂಬ ಷರತ್ತಿದೆಯೇ. ಚನ್ನಗಿರಿಯ ಒಂದು ಅಂಗಡಿಯ ಬೋರ್ಡಿಗೂ ರಾಜ್ಯದಾದ್ಯಂತ ಮಾರಾಟವಾಗುವ ಪೊಟ್ಟಣಕ್ಕೂ ಒಂದೇ ದರ ಹೇಳುವುದು ನ್ಯಾಯವಲ್ಲ.

ಹಕ್ಕನ್ನು ಪೂರ್ತಿ ಬರೆದುಕೊಟ್ಟರೂ ಕರ್ತೃವಿನ ಬಳಿ ಉಳಿಯುವ ಎರಡು ಸಂಗತಿಗಳನ್ನು 57ನೇ ಸೆಕ್ಷನ್ ಕಾಪಾಡುತ್ತದೆ. ಇದು ನನ್ನ ಕೃತಿ ಎಂದು ಹೇಳಿಕೊಳ್ಳುವುದು ಒಂದು, ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವುದು ಇನ್ನೊಂದು.

ಕರಾವಳಿಯ ಗಡಿಯ ಒಂದು ಚಿತ್ರ ಈ ವಿಷಯದ ಗಾತ್ರವನ್ನು ಇಡೀ ದೇಶಕ್ಕೆ ತೋರಿಸಿತು. ಕಾಸರಗೋಡು ಜಿಲ್ಲೆಯ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಕುಂಬಳೆಯ ಯುವಕರ ಧ್ವಜಕ್ಕೆಂದು ಕೇಸರಿ-ಕಪ್ಪು ಬಣ್ಣದಲ್ಲಿ ಹನುಮಂತನ ಮುಖ ಬರೆದರು. ಕೆಲವೇ ವರ್ಷಗಳಲ್ಲಿ ಅದು ಕಾರಿನ ಹಿಂಬದಿಯ ಗಾಜು, ಬೈಕು, ಅಂಗಿ, ಗಡಿಯಾರ, ಮೊಬೈಲ್ ಕವರ್ ಎಲ್ಲದರ ಮೇಲೂ ಬಂತು. ನ್ಯಾಮತಿ, ಜಗಳೂರಿನ ಸ್ಟಿಕರ್ ಅಂಗಡಿಗಳಲ್ಲೂ ಅದನ್ನು ಕಾಣದವರಿಲ್ಲ. ಅದು ಫೋಟೊ ಅಲ್ಲ, ರೇಖಾಚಿತ್ರ. ಆದರೆ ಎರಡಕ್ಕೂ ಕಾಯ್ದೆ ಒಂದೇ. ಅಷ್ಟು ದೊಡ್ಡ ಮಾರಾಟದಲ್ಲಿ ಬರೆದವರಿಗೆ ಪಾಲು ಸಿಗದೇ ಹೋದದ್ದು ಸುದ್ದಿಯಾಯಿತು. ಲಕ್ಷಾಂತರ ಸ್ಟಿಕರ್ ಕತ್ತರಿಸಿದ ಮೇಲೆ ಯಾರನ್ನು ಹಿಡಿದು ಕೇಳುವುದು? ಪರವಾನಗಿಯ ಮಾತು ಮೊದಲ ನೂರು ಪ್ರತಿಯ ಹೊತ್ತಿಗೇ ಆಗಬೇಕು.

ಪುಕ್ಕಟೆ ಚಿತ್ರಗಳ ಷರತ್ತು

ಅಂತರ್ಜಾಲದಲ್ಲಿ ಕಾನೂನುಬದ್ಧವಾಗಿ ಸಿಗುವ ಚಿತ್ರಗಳು ಸ್ಥೂಲವಾಗಿ ಮೂರು ಕಡೆಯಿಂದ ಬರುತ್ತವೆ. ಷಟರ್‌ಸ್ಟಾಕ್, ಗೆಟ್ಟಿ, ಅಡೋಬಿ ಸ್ಟಾಕ್‌ನಂಥ ಕಂಪನಿಗಳು ಹಣಕ್ಕೆ ಪರವಾನಗಿ ಕೊಡುತ್ತವೆ. ಅಲ್ಲಿ ಕಾಣುವ ‘ರಾಯಲ್ಟಿ ಫ್ರೀ’ ಎಂಬ ಮಾತಿಗೆ ಬಿಟ್ಟಿ ಎಂಬ ಅರ್ಥವಿಲ್ಲ. ಒಮ್ಮೆ ಹಣ ಕಟ್ಟಿದರೆ ಪ್ರತಿ ಬಳಕೆಗೂ ಮತ್ತೆ ಕಟ್ಟಬೇಕಿಲ್ಲ ಎಂದಷ್ಟೇ ಅದರ ಅರ್ಥ. ಮಿತಿಯೂ ಇದೆ: ಷಟರ್‌ಸ್ಟಾಕ್‌ನ ಸಾಧಾರಣ ಪರವಾನಗಿಯಲ್ಲಿ ಮುದ್ರಣಕ್ಕೆ 5 ಲಕ್ಷ ಪ್ರತಿಯ ಮೇರೆ ಇದೆ. ‘ಎಡಿಟೋರಿಯಲ್’ ಎಂದು ಗುರುತಿಸಿದ ಚಿತ್ರಗಳು ಸುದ್ದಿ, ಲೇಖನಕ್ಕೆ ಮಾತ್ರ, ಜಾಹೀರಾತಿಗೆ ಹಣ ಕೊಟ್ಟರೂ ಬಳಸುವಂತಿಲ್ಲ. ಫ್ಲೆಕ್ಸ್ ಅಂಗಡಿಯವರು ತಮ್ಮ ಒಂದು ಚಂದಾದಾರಿಕೆಯಲ್ಲಿ ಇಳಿಸಿಕೊಂಡ ಅದೇ ಚಿತ್ರವನ್ನು ಹತ್ತು ಗ್ರಾಹಕರಿಗೆ ಹಾಕಿಕೊಡುವ ರೂಢಿಯೂ ಸಾಮಾನ್ಯವಾಗಿ ಷರತ್ತಿಗೆ ವಿರುದ್ಧವೇ. ಒಂದು ಚಿತ್ರದ ಪರವಾನಗಿ ಒಬ್ಬ ಗ್ರಾಹಕರಿಗೆ.

ಎರಡನೆಯದು ಕ್ರಿಯೇಟಿವ್ ಕಾಮನ್ಸ್. 2002ರಲ್ಲಿ ಶುರುವಾದ ಈ ಪರವಾನಗಿಗಳಲ್ಲಿ ಒಡೆಯರೇ ಮುಂಚಿತವಾಗಿ ಎಲ್ಲರಿಗೂ ಅನುಮತಿ ಕೊಟ್ಟಿರುತ್ತಾರೆ, ಆದರೆ ಷರತ್ತಿನ ಮೇಲೆ. ಸಿಸಿ-ಬಿವೈ ಎಂದಿದ್ದರೆ ಹೆಸರು ಹಾಕಬೇಕು. ಎಸ್‌ಎ ಸೇರಿದ್ದರೆ ಅದನ್ನು ಮಾರ್ಪಡಿಸಿ ಮಾಡಿದ ಹೊಸ ಚಿತ್ರವನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು. ಎನ್‌ಡಿ ಇದ್ದರೆ ಮಾರ್ಪಡಿಸಿ ಹಂಚುವಂತಿಲ್ಲ. ಎನ್‌ಸಿ ಎಂಬ ಎರಡಕ್ಷರ ಕಂಡರೆ ವ್ಯಾಪಾರಿಗಳು ಅಲ್ಲಿಗೇ ನಿಲ್ಲಬೇಕು, ಅದು ವಾಣಿಜ್ಯ ಬಳಕೆಗೆ ನಿಷೇಧ. ವಿಕಿಮೀಡಿಯ ಕಾಮನ್ಸ್‌ ಎನ್‌ಸಿ ಚಿತ್ರಗಳನ್ನು ಸೇರಿಸಿಕೊಳ್ಳುವುದಿಲ್ಲವಾದ್ದರಿಂದ ಅಲ್ಲಿ ಸಿಗುವ ಸಂತೇಬೆನ್ನೂರು ಪುಷ್ಕರಿಣಿಯಂಥ ಚಿತ್ರಗಳನ್ನು ವ್ಯಾಪಾರಕ್ಕೂ ಬಳಸಬಹುದು; ಛಾಯಾಗ್ರಾಹಕರ ಹೆಸರು, ಪರವಾನಗಿಯ ಹೆಸರು ಎರಡನ್ನೂ ಹಾಕಿದರೆ ಮಾತ್ರ. ಕರಪತ್ರದ ಅಂಚಿನಲ್ಲಿ ಒಂದು ಸಾಲು ಹಿಡಿಯುವ ಕೆಲಸ ಅದು.

ಮೂರನೆಯದು ಅನ್‌ಸ್ಪ್ಲ್ಯಾಶ್, ಪೆಕ್ಸೆಲ್ಸ್, ಪಿಕ್ಸಾಬೇ ತಾಣಗಳು. ಹಣವಿಲ್ಲ, ಹೆಸರು ಹಾಕುವ ಕಡ್ಡಾಯವೂ ಇಲ್ಲ. ಆದರೂ ಚಿತ್ರವನ್ನು ಹಾಗೆಯೇ ಪ್ರತಿ ಮಾಡಿ ಮಾರುವಂತಿಲ್ಲ, ಅದರಲ್ಲಿರುವ ವ್ಯಕ್ತಿ ತಮ್ಮ ಸರಕನ್ನು ಮೆಚ್ಚಿಕೊಂಡಂತೆ ತೋರಿಸುವಂತಿಲ್ಲ. ಇವನ್ನೆಲ್ಲ ಬಳಸುವವರು ಚಿತ್ರ ಇಳಿಸಿಕೊಂಡ ದಿನವೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಮುಂದೆ ಯಾರಾದರೂ ನೋಟಿಸ್ ಕಳಿಸಿದಾಗ ತೋರಿಸಲು ದಾಖಲೆ ಇರುತ್ತದೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್ ಈ ಮೂರರೊಳಗೂ ಬರುವುದಿಲ್ಲ. ಎಲ್ಲರಿಗೂ ಕಾಣುವಂತೆ ಹಾಕಿದ್ದಾರೆ ಎಂದರೆ ಎಲ್ಲರೂ ಬಳಸಬಹುದು ಎಂದಲ್ಲ. 2010ರ ಹೈಟಿ ಭೂಕಂಪದ ಚಿತ್ರಗಳನ್ನು ಛಾಯಾಗ್ರಾಹಕ ಡೇನಿಯಲ್ ಮೊರೆಲ್ ಟ್ವಿಟರ್‌ನಲ್ಲಿ ಹಾಕಿದ್ದರು. ಕೇಳದೆ ಬಳಸಿದ ಎಎಫ್‌ಪಿ ಮತ್ತು ಗೆಟ್ಟಿ ಸಂಸ್ಥೆಗಳು 12 ಲಕ್ಷ ಡಾಲರ್ ಕೊಡಬೇಕೆಂದು ನ್ಯೂಯಾರ್ಕಿನ ಜ್ಯೂರಿ 2013ರಲ್ಲಿ ಹೇಳಿತು. ವಿದೇಶಿಯರ ಚಿತ್ರಗಳಿಗೆ ಇಲ್ಲಿಯೂ, ಇಲ್ಲಿಯವರ ಚಿತ್ರಗಳಿಗೆ ಅಲ್ಲಿಯೂ ರಕ್ಷಣೆ ಸಿಗುವುದು ಬರ್ನ್ ಒಪ್ಪಂದದಿಂದ. ಭಾರತ ಅದರ ಸದಸ್ಯ.

ಮುಖ ಮತ್ತು ಜಾಗ

ಛಾಯಾಗ್ರಾಹಕರ ಅನುಮತಿ ಸಿಕ್ಕರೂ ಅರ್ಧ ಕೆಲಸ ಉಳಿದಿರುತ್ತದೆ. ಚಿತ್ರದಲ್ಲಿ ಗುರುತು ಹಿಡಿಯಬಹುದಾದ ಮುಖವಿದ್ದರೆ ಆ ವ್ಯಕ್ತಿಯ ಒಪ್ಪಿಗೆ ಬೇರೆಯೇ ಬೇಕು. ಒಬ್ಬರ ಹೆಸರು ಅಥವಾ ರೂಪವನ್ನು ಅವರ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಹೇಳಿದೆ. 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಪ್ರತಿ ಫೆಬ್ರುವರಿ ಸಂತ ಸೇವಾಲಾಲರ ಜಯಂತಿಗೆ ಬಂಜಾರ ಸಮುದಾಯ ದೊಡ್ಡ ಸಂಖ್ಯೆಯಲ್ಲಿ ಸೇರುತ್ತದೆ. ಕನ್ನಡಿ ಹೊಲಿದ ರವಿಕೆ, ಕಸೂತಿಯ ಲಂಗ, ತೋಳಿನುದ್ದದ ಬಳೆಗಳ ತಾಯಂದಿರ ಮುಖಗಳನ್ನು ಕ್ಯಾಮೆರಾಗಳು ಹುಡುಕಿಕೊಂಡು ಹೋಗುತ್ತವೆ. ಜಾತ್ರೆಯ ವರದಿಗೆ ಆ ಚಿತ್ರ ಬಳಸುವುದರಲ್ಲಿ ತಪ್ಪಿಲ್ಲ. ಅದೇ ಮುಖ ಒಂದು ವರ್ಷದ ಬಳಿಕ ಉಡುಪಿನ ಬ್ರ್ಯಾಂಡಿನ ಪೋಸ್ಟರ್ ಆದರೆ, ಪ್ರವಾಸೋದ್ಯಮದ ಕಂಪನಿಯ ವೆಬ್‌ಸೈಟಿನ ಮುಖಪುಟವಾದರೆ ಅದು ಆ ತಾಯಿಯ ಅರಿವಿಗೆ ಬರುವ ಸಾಧ್ಯತೆಯೇ ಕಡಿಮೆ. ಆಕೆಗೆ ತಿಳಿಯುವುದಿಲ್ಲ ಎಂಬ ಧೈರ್ಯದ ಮೇಲೆ ನಡೆಯುವ ಈ ಬಳಕೆ ಕಾನೂನಿನಲ್ಲಿ ಮಾತ್ರವಲ್ಲ, ನಡತೆಯಲ್ಲೂ ತಪ್ಪು. ಒಪ್ಪಿಗೆ ಪತ್ರವನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ, ಎಲ್ಲಿ ಬಳಸಲಾಗುತ್ತದೆ ಎಂದು ತಿಳಿಸಿ, ಹಣ ಕೊಟ್ಟು ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಮಕ್ಕಳ ಚಿತ್ರವಾದರೆ ಹೆತ್ತವರ ಒಪ್ಪಿಗೆ ಬೇಕು. ಶಾಲಾ ವಾರ್ಷಿಕೋತ್ಸವದ ಚಿತ್ರಗಳನ್ನು ಮುಂದಿನ ವರ್ಷದ ಪ್ರವೇಶಾತಿ ಫ್ಲೆಕ್ಸಿಗೆ ಎತ್ತಿಕೊಳ್ಳುವ ಶಾಲೆಗಳು ಇದನ್ನು ಮರೆಯುವಂತಿಲ್ಲ.

ಪ್ರಸಿದ್ಧರ ಮುಖಕ್ಕೂ ಇದೇ ನಿಯಮ. ತನಿಷ್ಕ್ ಆಭರಣದ ಜಾಹೀರಾತಿಗಾಗಿ ತೆಗೆದ ಅಮಿತಾಭ್ ಮತ್ತು ಜಯಾ ಬಚ್ಚನ್ ಚಿತ್ರವನ್ನು ಉತ್ತರ ಪ್ರದೇಶದ ಮುಜಫ್ಫರ್‌ನಗರದ ಆಭರಣದ ಅಂಗಡಿಯೊಂದು ತನ್ನ ಹೋರ್ಡಿಂಗ್‌ಗಳಿಗೆ ಹಾಕಿಕೊಂಡಿತ್ತು. 2012ರಲ್ಲಿ ದೆಹಲಿ ಹೈಕೋರ್ಟ್ ಅದರಲ್ಲಿ ಕೃತಿಸ್ವಾಮ್ಯದ ಉಲ್ಲಂಘನೆಯನ್ನೂ ನಟ-ನಟಿಯ ವ್ಯಕ್ತಿತ್ವದ ಹಕ್ಕಿನ ಉಲ್ಲಂಘನೆಯನ್ನೂ ಕಂಡಿತು. ಸಣ್ಣ ಊರಿನ ಅಂಗಡಿಯನ್ನು ಯಾರು ಗಮನಿಸುತ್ತಾರೆ ಎಂದುಕೊಳ್ಳುವವರು ಈ ತೀರ್ಪನ್ನು ಓದಬೇಕು. ಮಹಾತ್ಮ ಗಾಂಧಿ, ನೆಹರೂ, ಇಂದಿರಾ ಗಾಂಧಿ, ಛತ್ರಪತಿ ಶಿವಾಜಿ, ಪ್ರಧಾನಮಂತ್ರಿ ಇವರ ಚಿತ್ರಗಳನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯೇ ನಿರ್ಬಂಧಿಸಿದೆ. ಕ್ಯಾಲೆಂಡರಿಗೆ ಸಣ್ಣ ವಿನಾಯಿತಿಯಿದೆ: ತಯಾರಕರ, ಮುದ್ರಕರ ಹೆಸರು ಮಾತ್ರ ಇರಬೇಕು, ಸರಕಿನ ಜಾಹೀರಾತು ಇರಬಾರದು. ಗೊಬ್ಬರದ ಹೆಸರು ಹೊತ್ತ ಗಾಂಧಿ ಕ್ಯಾಲೆಂಡರ್ ಈ ವಿನಾಯಿತಿಯೊಳಗೆ ಬರುವುದಿಲ್ಲ.

ಕಟ್ಟಡ, ಪ್ರತಿಮೆಗಳ ವಿಷಯ ಹಗುರ. ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿರುವ ಶಿಲ್ಪದ ಅಥವಾ ಕಟ್ಟಡದ ಫೋಟೊ ತೆಗೆದು ಪ್ರಕಟಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. 16ನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಸಂತೇಬೆನ್ನೂರು ಹೊಂಡದ ವಿಷಯದಲ್ಲಂತೂ ಆ ಪ್ರಶ್ನೆಯೇ ಇಲ್ಲ. ಆದರೆ ಹೊಂಡ ಮತ್ತು ಮುಸಾಫಿರ್‌ಖಾನೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಸ್ಟ್ಯಾಂಡು, ಲೈಟು ಹೂಡಿ ವಾಣಿಜ್ಯ ಚಿತ್ರೀಕರಣ ಮಾಡುವವರು ಇಲಾಖೆಯ ಮುಂಗಡ ಅನುಮತಿ ಪಡೆಯಬೇಕು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗಾಗಿ ಘೋಷಣೆಯಾದ ವನ್ಯಧಾಮ. ನಾಲ್ಕು ಕೊಂಬಿನ ಆ ನಾಚಿಕೆಯ ಪ್ರಾಣಿಯ ಚಿತ್ರ ಸುಲಭಕ್ಕೆ ಸಿಗುವುದಿಲ್ಲ. ಒಳಗೆ ಹೋಗಿ ಚಿತ್ರ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಪಡೆದು ತೆಗೆದ ಚಿತ್ರದ ಕೃತಿಸ್ವಾಮ್ಯ ಮಾತ್ರ ಛಾಯಾಗ್ರಾಹಕರದೇ, ಕಾಡಿನದೂ ಅಲ್ಲ, ಇಲಾಖೆಯದೂ ಅಲ್ಲ.

ಎಷ್ಟು ಕಾಲ

2012ರವರೆಗೆ ಫೋಟೊಗಳ ಅವಧಿ ಪ್ರಕಟವಾದ ನಂತರ 60 ವರ್ಷ ಎಂದಿತ್ತು. ಆ ವರ್ಷ ಜೂನ್ 21ರಂದು ಜಾರಿಗೆ ಬಂದ ತಿದ್ದುಪಡಿ ಆ ಸೆಕ್ಷನ್ನನ್ನೇ ತೆಗೆದುಹಾಕಿ ಛಾಯಾಗ್ರಾಹಕರನ್ನು ಸಾಹಿತಿ, ಚಿತ್ರಕಾರರ ಸಮಕ್ಕೆ ತಂದಿತು. ಈಗ ಅವಧಿ ಛಾಯಾಗ್ರಾಹಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ. 2009ರಲ್ಲಿ ತೀರಿಕೊಂಡ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಸ್ವಂತ ಹಕ್ಕಿನ, 2012ರಲ್ಲಿ ಅವಧಿ ಮುಗಿದಿರದ ಚಿತ್ರಗಳಿಗೆ 2069ರ ಕೊನೆಯವರೆಗೂ ರಕ್ಷಣೆಯಿದೆ. ಹಕ್ಕು ವಾರಸುದಾರರಿಗೆ ಇಳಿಯುತ್ತದೆ, ಉಯಿಲಿನ ಮೂಲಕವೂ ದಾಟುತ್ತದೆ. ಶಿವರಾಮ ಕಾರಂತರು ಉಯಿಲಿನಲ್ಲಿ ಬಿಟ್ಟುಹೋದ ಕೃತಿಸ್ವಾಮ್ಯದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು. 1940ರ ದಶಕದಲ್ಲಿ ಪ್ರಕಟವಾದಂಥ ಹಳೆಯ ಚಿತ್ರಗಳ ಅವಧಿ ತಿದ್ದುಪಡಿಗೂ ಮುನ್ನವೇ ಮುಗಿದಿತ್ತು. ಅವನ್ನು ಈಗ ಯಾರು ಬೇಕಾದರೂ ಬಳಸಬಹುದು.

ಸಿನಿಮಾದ ದೃಶ್ಯವನ್ನು ನಿಲ್ಲಿಸಿ ತೆಗೆದ ಸ್ಕ್ರೀನ್‌ಶಾಟ್ ಫೋಟೊ ಅಲ್ಲ, ಚಲನಚಿತ್ರದ ಭಾಗ. ಅದರ ಹಕ್ಕು ನಿರ್ಮಾಪಕರದು, ಬಿಡುಗಡೆಯಾದ ನಂತರ 60 ವರ್ಷದವರೆಗೆ. 1972ರ ‘ಬಂಗಾರದ ಮನುಷ್ಯ’ದ ರಾಜಕುಮಾರ್ ಚಿತ್ರವನ್ನು ಟ್ರ್ಯಾಕ್ಟರ್ ಷೋರೂಮಿನ ಕ್ಯಾಲೆಂಡರಿಗೆ ಹಾಕುವವರು 2032ರ ಡಿಸೆಂಬರ್ ಮುಗಿಯುವವರೆಗೂ ಕೇಳಬೇಕು. ಆ ಮೇಲೂ ನಟರ ವ್ಯಕ್ತಿತ್ವದ ಹಕ್ಕಿನ ಪ್ರಶ್ನೆಯನ್ನು ಕುಟುಂಬದವರು ಎತ್ತಬಹುದು.

ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ ಚಿತ್ರಗಳ ಒಡೆತನ ಇನ್ನೂ ಸ್ಪಷ್ಟವಾಗಿ ಇತ್ಯರ್ಥವಾಗಿಲ್ಲ. ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ ಅದನ್ನು ಆಗುಮಾಡಿದ ವ್ಯಕ್ತಿಯೇ ಕರ್ತೃ ಎಂದು ಕಾಯ್ದೆಯಲ್ಲಿ ಹಿಂದಿನಿಂದಲೂ ಇದೆ. ಇಂಥ ಚಿತ್ರದಲ್ಲಿ ನಟರೊಬ್ಬರ ಮುಖ ಕಂಡರೆ ಮೇಲಿನ ನಿಯಮಗಳೆಲ್ಲ ಅದಕ್ಕೂ ಅನ್ವಯ.

ಕದ್ದದ್ದು ಕಂಡಾಗ

ಹಕ್ಕಿನ ಉಲ್ಲಂಘನೆಗೆ ಹೊಣೆ ಅಂಗಡಿಯ ಮಾಲೀಕರದು ಮಾತ್ರವಲ್ಲ. ಚಿತ್ರ ಇಳಿಸಿಕೊಂಡ ಡಿಸೈನರ್, ಮುದ್ರಿಸಿ ಮಾರಿದ ಫ್ಲೆಕ್ಸ್ ಘಟಕ ಇಬ್ಬರೂ ಅದರಲ್ಲಿ ಸಿಕ್ಕಿಬೀಳುತ್ತಾರೆ. ಗ್ರಾಹಕರು ಪೆನ್‌ಡ್ರೈವ್‌ನಲ್ಲಿ ತಂದ ಚಿತ್ರವನ್ನು ಮುದ್ರಿಸುವಾಗ ‘ಇದರ ಹಕ್ಕು ನನ್ನದು, ಇಲ್ಲವೇ ಅನುಮತಿ ಪಡೆದಿದ್ದೇನೆ’ ಎಂದು ಬಿಲ್ಲಿನಲ್ಲೇ ಸಹಿ ಪಡೆಯುವುದು ಮುದ್ರಕರಿಗಿರುವ ಅಗ್ಗದ ರಕ್ಷಣೆ. ವಾಟರ್‌ಮಾರ್ಕ್ ಅಥವಾ ಫೈಲಿನೊಳಗಿನ ಹಕ್ಕಿನ ವಿವರವನ್ನು ಬೇಕೆಂದೇ ಅಳಿಸುವುದು 2012ರಿಂದ ಪ್ರತ್ಯೇಕ ಅಪರಾಧ, 2 ವರ್ಷದವರೆಗೆ ಜೈಲು. ತಿಳಿದೂ ಕೃತಿಸ್ವಾಮ್ಯ ಉಲ್ಲಂಘಿಸಿದರೆ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಇದರಲ್ಲಿ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದು, ಜಾಮೀನು ಹಕ್ಕಾಗಿ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ತೀರ್ಪಿತ್ತಿತು.

ಊರೊಳಗಿನ ವಿಷಯವಾದರೆ ಮೊದಲು ಮಾತು, ಆಮೇಲೆ ಬಿಲ್ಲು ಸಮೇತ ಪತ್ರ, ಅದಾದ ಮೇಲೆ ವಕೀಲರ ನೋಟಿಸ್. ಬಹುಪಾಲು ತಂಟೆಗಳು ಎರಡನೇ ಹೆಜ್ಜೆಗೇ ಮುಗಿಯಬಲ್ಲವು. ಅಂತರ್ಜಾಲದಲ್ಲಾದರೆ ತಾಣಕ್ಕೆ ಲಿಖಿತ ದೂರು ಕೊಡಬಹುದು. 2013ರ ನಿಯಮಗಳ ಪ್ರಕಾರ ದೂರು ಸರಿಯಾಗಿದ್ದರೆ 36 ಗಂಟೆಯೊಳಗೆ ಚಿತ್ರವನ್ನು ತಡೆಹಿಡಿಯಬೇಕು. 21 ದಿನದೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ತಾಣ ಅದನ್ನು ಮತ್ತೆ ತೋರಿಸಬಹುದು. ದಾವೆ ಹೂಡುವ ಜಾಗದ ಬಗ್ಗೆ ಕಾಯ್ದೆಯ 62ನೇ ಸೆಕ್ಷನ್ ಸಣ್ಣ ಊರಿನವರ ಪರವಾಗಿ ನಿಂತಿದೆ. ಹಕ್ಕುದಾರರು ವಾಸಿಸುವ ಅಥವಾ ವ್ಯವಹಾರ ನಡೆಸುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹಾಕಬಹುದು. ಜಗಳೂರಿನವರ ಕೊಂಡುಕುರಿ ಚಿತ್ರವನ್ನು ಮುಂಬೈ ಕಂಪನಿಯೊಂದು ಕೇಳದೆ ಬಳಸಿದರೆ ಮುಂಬೈಗೆ ಅಲೆಯಬೇಕಿಲ್ಲ, ಕಂಪನಿಯೇ ದಾವಣಗೆರೆಗೆ ಬರಬೇಕು. ಅವಧಿ ಮಾತ್ರ ಉಲ್ಲಂಘನೆಯ ದಿನದಿಂದ 3 ವರ್ಷ.

ಸಾಕ್ಷ್ಯದ ತಯಾರಿ ಚಿತ್ರ ತೆಗೆದ ದಿನವೇ ಆಗಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ದಿನಾಂಕ, ಕ್ಯಾಮೆರಾ ವಿವರಗಳು ಅಳಿಸಿಹೋಗುತ್ತವೆ. ಆದ್ದರಿಂದ ಮೂಲ ಫೈಲನ್ನು ಎರಡು ಕಡೆ ಜೋಪಾನ ಮಾಡಿ, ಹೊರಗೆ ಕೊಡುವುದನ್ನು ಚಿಕ್ಕ ಗಾತ್ರದಲ್ಲಿ ಕೊಡಬೇಕು. ನೋಂದಣಿ ಕಡ್ಡಾಯವಲ್ಲದಿದ್ದರೂ ನ್ಯಾಯಾಲಯದಲ್ಲಿ ಅದು ಮೇಲ್ನೋಟದ ಸಾಕ್ಷ್ಯ. ಕಲಾಕೃತಿಯೊಂದಕ್ಕೆ ಶುಲ್ಕ 500 ರೂಪಾಯಿ, ಸರಕಿನ ಮೇಲೆ ಬಳಸುವಂಥದ್ದಾದರೆ 2,000. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಆಕ್ಷೇಪಕ್ಕೆ 30 ದಿನ ಕಾದು, ಪರಿಶೀಲಿಸಿ ಪ್ರಮಾಣಪತ್ರ ಕೊಡುತ್ತಾರೆ. ಹಾಗೆಯೇ, ಹಕ್ಕಿಲ್ಲದವರು ಸುಮ್ಮನೆ ಬೆದರಿಕೆಯ ಇಮೇಲ್ ಕಳಿಸಿ ಹಣ ಕೇಳಿದರೆ ವ್ಯಾಪಾರಿಗಳು ಹೆದರಿ ಕಟ್ಟಬೇಕಾಗಿಲ್ಲ. ಚಿತ್ರದ ಒಡೆತನಕ್ಕೆ ದಾಖಲೆ ಕೇಳಬಹುದು, ಆಧಾರವಿಲ್ಲದ ಬೆದರಿಕೆಯ ವಿರುದ್ಧ 60ನೇ ಸೆಕ್ಷನ್ ಅಡಿ ತಾವೇ ದಾವೆ ಹೂಡಿ ತಡೆಯಾಜ್ಞೆಯನ್ನೂ ಪರಿಹಾರವನ್ನೂ ಪಡೆಯಬಹುದು.